ಎರಡು ಹದ್ದು, ಒಂದೇ ಕಾಗುಣಿತ

14 ಆಗಸ್ಟ್ 2024, ಬುಧವಾರ

ಇವತ್ತಿನ ಪದ: ಹದ್ದು. ಆಕಾಶದಲ್ಲಿ ಸುತ್ತುವುದೂ ಹದ್ದು, 'ಹದ್ದು ಮೀರಬೇಡ' ಎನ್ನುವಾಗ ಬರುವುದೂ ಹದ್ದು. ಎತ್ತರಕ್ಕೆ ಹಾರುವ ಹಕ್ಕಿಗೂ ಎಲ್ಲೆಗೂ ನಂಟು ಕಟ್ಟಿ ಕತೆ ಹೇಳುವುದು ಬಲು ಸುಲಭ. ಕತೆ ಕಟ್ಟುವ ಮೊದಲು ಎರಡನ್ನೂ ಹಿಂದಕ್ಕೆ ನಡೆಸಿ ನೋಡಬೇಕು. ಒಂದೇ ಬೇರಿನವಾದರೆ ಹಿಂದೆ ಹೋದಷ್ಟೂ ಹತ್ತಿರವಾಗುತ್ತವೆ, ಬೇರೆ ಬೇರಿನವಾದರೆ ದೂರ ಸರಿಯುತ್ತವೆ.

ಹಕ್ಕಿಯ ಹದ್ದು ಹಳಗನ್ನಡದಲ್ಲಿ ಪರ್ದು, ತಮಿಳಿನಲ್ಲಿ ಪರುಂದು. 'ಇರ್ದು' ಇದ್ದು ಆದ ದಾರಿಯಲ್ಲೇ ಪರ್ದು ಪದ್ದು ಆಯಿತು. ಸುಮಾರು 10ನೆಯ ಶತಮಾನದಿಂದೀಚೆಗೆ ಪದದ ಮೊದಲ ಪಕಾರ ಹಕಾರಕ್ಕೆ ತಿರುಗತೊಡಗಿತು: ಪುಲಿ ಹುಲಿಯಾಯಿತು, ಪದ್ದು ಹದ್ದಾಯಿತು. ಎಲ್ಲೆಯ ಹದ್ದು ಅರಬ್ಬಿಯ 'ಹದ್ದ್'. ಪಾರಸಿಯ ಮೂಲಕ ಆಡಳಿತದ ಮಾತಾಗಿ ಬಂತು, ಹದ್ದುಬಸ್ತು ಅದರ ಬಳಗ. ಇದರ ಹಕಾರ ಹುಟ್ಟಿನಿಂದಲೇ ಹಕಾರ. ಎಲ್ಲೆ ಎಂಬ ಅರ್ಥದಲ್ಲಿ 'ಪದ್ದು' ಹುಡುಕಿದರೆ ಸಿಗುವುದಿಲ್ಲ. ಹಕ್ಕಿ, ಹಕ್ಕು ಎಂಬ ಜೋಡಿಯದೂ ಇದೇ ಕತೆ: ಒಂದು ಪಕ್ಷಿಯಿಂದ, ಇನ್ನೊಂದು ಅರಬ್ಬಿಯಿಂದ.

ಇಲ್ಲೊಂದು ಗುಂಡಿಯಿದೆ. ಪಕಾರದಿಂದ ಬಂದ ಹಕಾರ ಕಂಡೊಡನೆ ಪದ ಅಚ್ಚಗನ್ನಡದ್ದು ಎಂದು ಬರೆದುಬಿಡುವವರಿದ್ದಾರೆ. ಹಬ್ಬ ಪರ್ವದಿಂದ, ಹಣ ಪಣದಿಂದ ಬಂದವು. ಎರಡೂ ಸಂಸ್ಕೃತದವು, ಬದಲಾವಣೆಗೆ ಮೊದಲೇ ಬಂದು ಮನೆಯವರಾಗಿದ್ದರಿಂದ ಅವೂ ತಿರುಗಿದವು. ಈ ಪರೀಕ್ಷೆ ಪದದ ಜಾತಿ ಹೇಳುವುದಿಲ್ಲ, ಅದು ಬಂದ ಹೊತ್ತನ್ನು ಹೇಳುತ್ತದೆ ಅಷ್ಟೆ.

ಅಕ್ಷರವೇ ಕಳೆದುಹೋದರೆ ಇನ್ನೂ ಕಷ್ಟ. ಬದುಕುವ 'ಬಾೞ್', ಕತ್ತಿಯ 'ಬಾಳ್' ಹಳಗನ್ನಡದಲ್ಲಿ ಬೇರೆಬೇರೆ. ೞ ಎಂಬ ಹಳೆಯ ಅಕ್ಷರ ಬಿದ್ದುಹೋದ ಮೇಲೆ ಎರಡಕ್ಕೂ ಒಂದೇ ಬರಹ. ತಮಿಳು ಇಂದಿಗೂ ಅವನ್ನು ಬೇರೆಯಾಗಿಯೇ ಇಟ್ಟುಕೊಂಡಿದೆ. 'ಅರಿ'ಯಲ್ಲಂತೂ ಮೂರಿವೆ: ತಿಳಿಯುವ ಅಱಿ, ಕತ್ತರಿಸುವ ಅರಿ, ಸಂಸ್ಕೃತದಿಂದ ಬಂದ ಶತ್ರು. ಇಂಥ ಪದಕ್ಕೆ ಹೊಸ ಮುದ್ರಣವನ್ನೇ ನಂಬಿ ಕೂತರೆ ಕೆಲಸ ಕೆಟ್ಟಿತು. ೞ, ಱ ಎಂಬ ಹಳೆಯ ಅಕ್ಷರಗಳನ್ನು ಉಳಿಸಿಕೊಂಡ ಪಠ್ಯ ನೋಡಬೇಕು.

ಅರ್ಥವೂ ಕೂಡಿಬಂದರೆ ಮೋಸ ಹೆಚ್ಚು. ತಮಿಳಿನ ಎಟ್ಟು, ಇಂಗ್ಲಿಷಿನ ಎಯ್ಟ್, ಎರಡೂ ಎಂಟೇ. ಇಂಗ್ಲಿಷ್ ಪದದಲ್ಲಿ ಬರೆದೂ ಉಚ್ಚರಿಸದ ಎರಡು ಅಕ್ಷರಗಳಿವೆ. ಅಲ್ಲಿ ಹಿಂದೆ ಗಂಟಲಿನ ಸದ್ದೊಂದು ಇತ್ತು. ಅದರ ನಂಟರು ಲ್ಯಾಟಿನ್ನಿನ ಒಕ್ಟೋ, ಸಂಸ್ಕೃತದ ಅಷ್ಟ. ತಮಿಳಿನ ಎಟ್ಟುವಿನ ಹಿಂದೆ ಇರುವುದು ಎಣ್. ಕನ್ನಡದ ಎಂಟು, ಎಂಬತ್ತುಗಳಲ್ಲಿ ಆ ಮೂಗಿನ ಸದ್ದು ಇನ್ನೂ ಕೇಳುತ್ತದೆ. ಹಿಂದೆ ಹೋದಷ್ಟೂ ದೂರವಾದವು, ಲೆಕ್ಕ ಮುಗಿಯಿತು. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನ ಮ್ಬಬರಮ್ ನುಡಿಯಲ್ಲಿ ನಾಯಿಗೆ 'ಡಾಗ್' ಎಂದೇ ಹೆಸರಿತ್ತು. ಇಂಗ್ಲಿಷಿನಿಂದ ತಂದದ್ದಲ್ಲ. ನೆರೆಯ ನುಡಿಗಳಲ್ಲಿರುವ 'ಗುಡಗ'ದಂಥ ಹಳೆಯ ರೂಪದ ಮೊದಲಕ್ಷರ ಉದುರಿ, ಸ್ವರ ಬದಲಾಗಿ ಹಾಗಾದದ್ದು.

ಇನ್ನು ಬೇರು ಒಂದೇ ಇದ್ದು ಅರ್ಥ ಅಲೆದಾಡಿದವು. ಉಪನ್ಯಾಸ ಎಂದರೆ ಮೂಲದಲ್ಲಿ ಮುಂದಿಡುವುದು; ಕನ್ನಡದಲ್ಲಿ ಭಾಷಣ, ಹಿಂದಿಯಲ್ಲಿ ಕಾದಂಬರಿ. ಸಂಸಾರ ನಮಗೆ ಹೆಂಡತಿ ಮಕ್ಕಳು, ಹಿಂದಿಗೆ ಜಗತ್ತು, ಮಲಯಾಳಕ್ಕೆ ಮಾತುಕತೆ. ಅನುವಾದದಲ್ಲಿ ಹೆಚ್ಚು ಕಾಡುವುದು ಅನುಮಾನ: ಹಿಂದಿಯಲ್ಲಿ ಅಂದಾಜು, ಕನ್ನಡದಲ್ಲಿ ಶಂಕೆ. 'ಖರ್ಚಿನ ಅನುಮಾನ' ಎಂದು ಹಾಗೇ ಇಳಿಸಿದರೆ ಲೆಕ್ಕಪತ್ರಕ್ಕೆ ಬದಲು ಕಳ್ಳತನದ ವಾಸನೆ ಬರುತ್ತದೆ. ರಾಜೀನಾಮೆಯಲ್ಲಿ ರಾಜನಿಲ್ಲ, ರಾಜಿ ಎಂದರೆ ಒಪ್ಪಿಗೆ, ನಾಮಾ ಎಂದರೆ ಪತ್ರ. ಹಿಂದಿ-ಉರ್ದುವಿನಲ್ಲಿ ಅದು ಇಂದಿಗೂ ರಾಜಿಪತ್ರ. ನಾವು ರಾಜಿಯನ್ನು ಅದೇ ಅರ್ಥದಲ್ಲಿ ಇಟ್ಟುಕೊಂಡು, ರಾಜೀನಾಮೆಯನ್ನು ಮಾತ್ರ ಕೆಲಸ ಬಿಡುವ ಕಾಗದ ಮಾಡಿದ್ದೇವೆ!

ನಿಘಂಟಿನ ಚೀಟಿಯಲ್ಲಿ ಈ ವ್ಯತ್ಯಾಸ ಕಾಣಬೇಕು. ಬೇರು ಎರಡಾದರೆ ಉಲ್ಲೇಖ, ಅಂದರೆ ಪದದ ನಮೂದು, ಎರಡು: ಹದ್ದು¹, ಹದ್ದು². ಬೇರು ಒಂದಾದರೆ ಉಲ್ಲೇಖ ಒಂದೇ, ಅರ್ಥಗಳಿಗೆ ಒಳಗೆ ಸಂಖ್ಯೆ. ನೋಡುವ ಕ್ರಮವೂ ಮುಖ್ಯ: ಮೊದಲು ಸಿಕ್ಕಿದ ಅತಿ ಹಳೆಯ ರೂಪ, ಆಮೇಲೆ ಸೋದರ ನುಡಿಗಳ ರೂಪ, ಆಮೇಲೆ ಧ್ವನಿ ಬದಲಾದ ನಿಯಮ. ಅರ್ಥ ಕೊನೆಗೆ. ಅರ್ಥದಿಂದ ಶುರುಮಾಡಿದವರಿಗೆ ಯಾವ ಎರಡು ಪದವನ್ನಾದರೂ ಜೋಡಿಸಲು ಬರುತ್ತದೆ.

ನಾಳೆಗೆ: ಪಾಲು. ತೆಲುಗಿನಲ್ಲಿ ಹಾಲೂ ಪಾಲೇ, ಹಂಚಿಕೆಯ ಭಾಗವೂ ಪಾಲೇ. ಕನ್ನಡದಲ್ಲಿ ಕುಡಿಯುವುದು ಹಾಲಾಯಿತು, ಹಂಚುವುದು ಪಾಲಾಗಿಯೇ ಉಳಿಯಿತು.