ಡಿಸ್ನಿಯಲ್ಲಿ ಅಪ್ಪನ ಸಂಜೆಯ ನೈಂಟಿ: ಆರ್ಲಾಂಡೋಗೆ ಹಿರಿಯರನ್ನು ಕರೆದೊಯ್ಯುವವರಿಗೆ

ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಮಕ್ಕಳಿಗೂ ರಜೆ, ಫ್ಲೋರಿಡಾದ ಆರ್ಲಾಂಡೋಗೆ ಹೋಗಿಬರೋಣ ಎಂದು ಹೊರಡುವ ಕನ್ನಡದ ಮನೆಗಳು ಅಮೆರಿಕದಲ್ಲಿ ಪ್ರತಿ ಬೇಸಿಗೆ ಎಷ್ಟೋ ಇರುತ್ತವೆ. ಯಾವ ರೈಡಿಗೆ ಮೊದಲು ಓಡಬೇಕು, ಟಿಕೆಟ್ ಯಾವಾಗ ತೆಗೆಯಬೇಕು ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಯಾರೂ ಹೇಳದೇ ಇದ್ದ ಒಂದು ವಿಷಯಕ್ಕೆ ಇದನ್ನು ಬರೆಯುತ್ತಿದ್ದೇನೆ. ಸಂಜೆ ಒಂದು ಪೆಗ್ ತೆಗೆದುಕೊಳ್ಳುವ ಅಭ್ಯಾಸ ಇರುವ ಹಿರಿಯರು ಜೊತೆಗಿದ್ದರೆ ಅಲ್ಲಿನ ಡಿಸ್ನಿ ಪಾರ್ಕುಗಳಲ್ಲಿ ಎಲ್ಲಿ ಸಿಗುತ್ತದೆ, ಎಲ್ಲಿ ಸಿಗುವುದಿಲ್ಲ ಎನ್ನುವುದು.

ನಮ್ಮಪ್ಪನಿಗೆ ಎಪ್ಪತ್ತೊಂದು. ಬ್ಯಾಂಕಿನಿಂದ ನಿವೃತ್ತರಾಗಿ ತಿಪಟೂರಿನಲ್ಲಿದ್ದಾರೆ. ಸಂಜೆ ಏಳಕ್ಕೆ ಒಂದು ನೈಂಟಿ, ಒಂದು ಹಿಡಿ ಹುರಿದ ಕಡ್ಲೆಬೀಜ, ಆಮೇಲೆ ಊಟ. ನನಗೆ ಬುದ್ಧಿ ಬಂದಾಗಿನಿಂದ ಇದು ಹೀಗೇ. ಅದಕ್ಕಿಂತ ಒಂದು ತೊಟ್ಟು ಹೆಚ್ಚು ಕುಡಿದಿದ್ದನ್ನು ನಾನು ನೋಡಿಲ್ಲ. ಕಡ್ಲೆಬೀಜದ ತಟ್ಟೆ ಇಟ್ಟು ಅಮ್ಮ ಒಳಗೆ ಹೋಗಿಬಿಡುತ್ತಾರೆ. ಮನೆಯಲ್ಲಿ ಯಾರೂ ಆ ಬಗ್ಗೆ ಬಾಯಿಬಿಟ್ಟು ಮಾತಾಡಿದ್ದಿಲ್ಲ, ಮಗಳಾದ ನಾನಂತೂ ಇಲ್ಲವೇ ಇಲ್ಲ. ಆದ್ದರಿಂದಲೇ ಅಟ್ಲಾಂಟಾದಿಂದ ಏಳು ತಾಸು ಕಾರು ಓಡಿಸಿಕೊಂಡು ಹೊರಟಾಗಲೂ ಈ ವಿಷಯ ನಾನು ವಿಚಾರಿಸಿಟ್ಟುಕೊಂಡಿರಲಿಲ್ಲ. ಡಿಸ್ನಿಯಲ್ಲಿ ಜನ ಬಿಯರ್ ಕಪ್ ಹಿಡಿದು ಓಡಾಡುವ ಫೋಟೋಗಳನ್ನು ನೋಡಿದ್ದೆ, ಎಲ್ಲ ಕಡೆ ಸಿಗುತ್ತದೆ ಅಂದುಕೊಂಡಿದ್ದೆ.

ಮೊದಲ ದಿನ ಡಿಸ್ನಿಯ ಪಾರ್ಕುಗಳಲ್ಲಿ ಒಂದಾದ ಮ್ಯಾಜಿಕ್ ಕಿಂಗ್‌ಡಮ್. ಜೂನ್ ತಿಂಗಳ ಧಗೆ, ಮಧ್ಯಾಹ್ನ ಗುಡುಗು ಸಹಿತ ಒಂದು ಮಳೆ, ಆಮೇಲೆ ಇನ್ನೂ ಹೆಚ್ಚು ಸೆಕೆ. ಆರೂವರೆ ಹೊತ್ತಿಗೆ ಅಪ್ಪ ನನ್ನ ಗಂಡನ ಹತ್ತಿರ ಮೆಲ್ಲಗೆ ಕೇಳಿದರು: "ಇಲ್ಲೆಲ್ಲೂ ಸಿಗಲ್ವೇನಪ್ಪಾ?" ನಾವು ಒಂದೊಂದೇ ಕೌಂಟರ್ ನೋಡುತ್ತಾ ಹೋದೆವು. ಕೋಕ್, ನಿಂಬೆ ಪಾನಕ, ಅನಾನಸ್ ಐಸ್‌ಕ್ರೀಮ್. ತಳ್ಳುಗಾಡಿಗಳಲ್ಲಿ ನೀರು.

ಕಾರಣ ಆಮೇಲೆ ತಿಳಿಯಿತು. ವಾಲ್ಟ್ ಡಿಸ್ನಿ 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ತೆರೆದಾಗಲೇ ಅಲ್ಲಿ ಮದ್ಯ ಇರಬಾರದು ಅಂತ ತೀರ್ಮಾನವಾಗಿತ್ತು. 1971ರಲ್ಲಿ ಶುರುವಾದ ಮ್ಯಾಜಿಕ್ ಕಿಂಗ್‌ಡಮ್ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಅದೇ ದಾರಿಯಲ್ಲಿ ನಡೆಯಿತು. 2012ರಲ್ಲಿ ಬಿ ಅವರ್ ಗೆಸ್ಟ್ ಎಂಬ ರೆಸ್ಟೋರೆಂಟ್ ಬಂದಾಗ ರಾತ್ರಿ ಊಟದ ಜೊತೆ ವೈನ್, ಬಿಯರ್ ಕೊಡಲು ಶುರು ಮಾಡಿದರು. 2016ರಲ್ಲಿ ಇನ್ನು ನಾಲ್ಕು ಕಡೆ, 2018ರ ಹೊತ್ತಿಗೆ ಕೂತು ಉಣ್ಣುವ ಉಳಿದ ರೆಸ್ಟೋರೆಂಟುಗಳಲ್ಲೂ ಬಂತು. 2025ರ ಆಗಸ್ಟಿನಲ್ಲಿ ಕಡಲ್ಗಳ್ಳರ ಅಡ್ಡೆಯಂತೆ ಮಾಡಿರುವ ಬೀಕ್ ಆ್ಯಂಡ್ ಬ್ಯಾರಲ್ ಎಂಬ ಬಾರ್ ತೆರೆಯಿತು. ಆದರೆ ಎಲ್ಲೇ ಆಗಲಿ ಒಳಗೆ ಟೇಬಲ್ಲಿಗೆ ಕೂತೇ ಕುಡಿಯಬೇಕು, ಕಪ್ ಹಿಡಿದು ಹೊರಗೆ ಬರುವ ಹಾಗಿಲ್ಲ. ಟೇಬಲ್ ಬೇಕೆಂದರೆ ಬುಕ್ಕಿಂಗ್ ಬೇಕು, ಅದು 60 ದಿನ ಮೊದಲೇ ತೆರೆದುಕೊಳ್ಳುತ್ತದೆ. ನಮ್ಮ ಹತ್ತಿರ ಯಾವ ಬುಕ್ಕಿಂಗೂ ಇರಲಿಲ್ಲ.

ಗೇಟಿನಿಂದ ಹೊರಬಿದ್ದು ಹತ್ತು ನಿಮಿಷ ನಡೆದರೆ ಒಂದು ಹೋಟೆಲ್ ಇದೆ, ಅದರ ಲಾಂಜ್‌ನಲ್ಲಿ ಸಿಗುತ್ತದೆ ಎಂದು ಒಬ್ಬರು ಹೇಳಿದರು. ಗಂಡನನ್ನೂ ಮಕ್ಕಳನ್ನೂ ರೈಡಿನ ಕ್ಯೂನಲ್ಲಿ ಬಿಟ್ಟು ನಾನು ಅಪ್ಪನನ್ನು ಕರೆದುಕೊಂಡು ಹೊರಟೆ. ಅಪ್ಪನ ಬಲ ಮಂಡಿ ನೋವಿನದು, ಹತ್ತು ನಿಮಿಷದ ದಾರಿ ಇಪ್ಪತ್ತೈದಾಯಿತು. ಅಲ್ಲಿ ಕೂತಾಗ ಹುಡುಗಿ ಬಂದು ಇಬ್ಬರ ಗುರುತಿನ ಚೀಟಿ ಕೇಳಿದಳು. ನನ್ನ ಲೈಸೆನ್ಸ್ ಪಾರ್ಕಿಂಗಿನಲ್ಲಿದ್ದ ಕಾರಿನಲ್ಲಿತ್ತು. ಅಪ್ಪನ ಪಾಸ್‌ಪೋರ್ಟ್ ರೂಮಿನಲ್ಲಿತ್ತು. "ಕಳೆದ್ರೆ ವಾಪಸ್ ಹೋಗೋದು ಹೇಗೆ" ಅಂತ ಬೆಳಿಗ್ಗೆ ಅಮ್ಮನೇ ಪೆಟ್ಟಿಗೆಯಲ್ಲಿ ಭದ್ರ ಮಾಡಿದ್ದರು. ಫೋನಿನಲ್ಲಿದ್ದ ಪಾಸ್‌ಪೋರ್ಟ್ ಫೋಟೋ ತೋರಿಸಿದೆವು. ಫೋಟೋ ನಡೆಯುವುದಿಲ್ಲ, ಮೂಲ ಪ್ರತಿಯೇ ಬೇಕು. ತಲೆ ಪೂರ್ತಿ ಬೆಳ್ಳಗಾದ ಮನುಷ್ಯನಿಗೂ ಅದೇ ನಿಯಮ. ತಪ್ಪು ನಮ್ಮದೇ, ಆ ಹುಡುಗಿಯದು ಏನೂ ಇಲ್ಲ. "ಬಿಡು ಮಗಳೇ, ಒಂದಿನ ಇಲ್ದಿದ್ರೆ ಏನಾಗುತ್ತೆ" ಅಂದು ಅಪ್ಪ ಎದ್ದು ಕುಂಟುತ್ತಾ ವಾಪಸ್ ಹೊರಟರು. ಅವರಿಗಿಂತ ನನಗೇ ಹೆಚ್ಚು ನೋವಾಯಿತು. ಮೂವತ್ತು ವರ್ಷ ನಮಗಾಗಿ ದುಡಿದವರನ್ನು ಇಷ್ಟು ದೂರ ಕರೆತಂದು, ಅವರ ಒಂದೇ ಒಂದು ಅಗತ್ಯಕ್ಕೆ ನಾನು ಸಿದ್ಧಳಾಗಿರಲಿಲ್ಲ.

ಹಾಗಾಗಿ ಮೊದಲ ಮಾತು ಇದೇ: ಕುಡಿಯುವವರು ಎಷ್ಟೇ ವಯಸ್ಸಾದವರಾಗಿರಲಿ, ಮೂಲ ಪಾಸ್‌ಪೋರ್ಟ್ ಮೈಮೇಲೆ ಇರಲಿ. ಕುತ್ತಿಗೆಗೆ ಹಾಕಿ ಅಂಗಿಯೊಳಗೆ ಬಿಟ್ಟುಕೊಳ್ಳುವ ಚೀಲ ಸಿಗುತ್ತದೆ, ಮಳೆಯಲ್ಲಿ ನೆನೆಯದ ಹಾಗೆ ಒಳಗೊಂದು ಜಿಪ್ ಕವರ್ ಹಾಕಿ.

ಮರುದಿನ ಡಿಸ್ನಿಯದೇ ಇನ್ನೊಂದು ಪಾರ್ಕ್ ಎಪ್ಕಾಟ್. ಗಂಡನಿಗೂ ಒಂದು ಬಿಯರ್ ಬೇಕಿತ್ತು, ಹಾಗಾಗಿ ಕಾರು ಬೇಡ, ಹೋಟೆಲಿನ ಉಚಿತ ಬಸ್ಸಿನಲ್ಲೇ ಹೋಗೋಣ ಅಂತಾಯಿತು. ಹೋಟೆಲಿನ ಹೆಸರು ಹೇಳುವುದಿಲ್ಲ. ಆರ್ಲಾಂಡೋ ಪಕ್ಕದ ಕಿಸಿಮ್ಮಿಯ 192ನೇ ರಸ್ತೆಯಲ್ಲಿ ಅಂಥವು ಸಾಲಾಗಿವೆ. ಬುಕ್ ಮಾಡುವಾಗ ಒಂದು ದರ, ಕೌಂಟರಿನಲ್ಲಿ ಅದರ ಮೇಲೆ ರಾತ್ರಿಗೆ 35 ಡಾಲರ್ ರೆಸಾರ್ಟ್ ಫೀ. ಆ ಫೀಯಲ್ಲಿ ಏನೇನು ಸೇರಿದೆ ಎಂದರೆ ಈ ಬಸ್ಸೂ ಸೇರಿದೆಯಂತೆ. ಹಾಗಾದರೆ ಉಚಿತ ಎಲ್ಲಿ ಬಂತು? ಬೆಳಿಗ್ಗೆ ಒಂದೇ ಟ್ರಿಪ್, ರಾತ್ರಿ ಒಂದೇ ಟ್ರಿಪ್. ಹತ್ತು ಮೈಲಿ ದಾರಿಗೆ ಇನ್ನೂ ನಾಲ್ಕು ಹೋಟೆಲುಗಳ ಮುಂದೆ ನಿಂತು ನಿಂತು ಒಂದು ತಾಸು ಇಪ್ಪತ್ತು ನಿಮಿಷ ತೆಗೆದುಕೊಂಡಿತು. ಏಸಿ ಮುಂದಿನ ಎರಡು ಸಾಲಿಗೆ ಮಾತ್ರ ಬರುತ್ತಿತ್ತು. ಅಮ್ಮ ಸೆರಗಿನಿಂದ ಮೊಮ್ಮಗಳಿಗೆ ಗಾಳಿ ಬೀಸುತ್ತಾ ಕೂತಿದ್ದರು. ಹಿಂದೆ ಬರುವಾಗ ಹತ್ತು ಗಂಟೆಯ ಬಸ್ಸು ಹತ್ತೂ ಮುಕ್ಕಾಲಿಗೆ ಬಂತು, ಅಷ್ಟು ಹೊತ್ತೂ ಅಪ್ಪ ಒಂದು ಕಂಬಕ್ಕೆ ಒರಗಿ ನಿಂತಿದ್ದರು. ಹಿರಿಯರಿದ್ದರೆ ಆ ಬಸ್ಸಿನ ಸಹವಾಸವೇ ಬೇಡ. ಆ್ಯಪ್ ಟ್ಯಾಕ್ಸಿ ಹಿಡಿಯಿರಿ, ಇಲ್ಲವೇ ಮನೆಯಲ್ಲಿ ಒಬ್ಬರು ಕುಡಿಯದೆ ಇದ್ದು ಕಾರು ಓಡಿಸಿ. ಪಾರ್ಕಿಂಗಿಗೆ ದಿನಕ್ಕೆ ಒಂದು ಸಲ ದುಡ್ಡು ಕೊಟ್ಟರೆ ಸಾಕು, ಅದೇ ಚೀಟಿಯಲ್ಲಿ ಆ ದಿನ ಡಿಸ್ನಿಯ ಬೇರೆ ಪಾರ್ಕಿನಲ್ಲೂ ನಿಲ್ಲಿಸಬಹುದು.

ಎಪ್ಕಾಟ್ ಮಾತ್ರ ನನ್ನ ಮನಸ್ಸು ತುಂಬಿಸಿತು. ಒಂದು ದೊಡ್ಡ ಕೆರೆ, ಅದರ ಸುತ್ತ ಹನ್ನೊಂದು ದೇಶಗಳ ಬೀದಿಗಳು: ಮೆಕ್ಸಿಕೋ, ನಾರ್ವೆ, ಚೀನಾ, ಜರ್ಮನಿ, ಇಟಲಿ, ಅಮೆರಿಕ, ಜಪಾನ್, ಮೊರಾಕೊ, ಫ್ರಾನ್ಸ್, ಬ್ರಿಟನ್, ಕೆನಡಾ. ಒಂದು ಸುತ್ತಿಗೆ ಸುಮಾರು 2 ಕಿಲೋಮೀಟರ್. ಪ್ರತಿ ದೇಶದಲ್ಲೂ ಅಲ್ಲಿಯದೇ ಬಿಯರ್, ವೈನ್, ಜಪಾನಿನಲ್ಲಾದರೆ ಸಾಕೆ ಎಂಬ ಅಕ್ಕಿಯ ಮದ್ಯ ಸಿಗುತ್ತದೆ, ಪ್ಲಾಸ್ಟಿಕ್ ಕಪ್ಪಿನಲ್ಲಿ ಹಿಡಿದು ನಡೆದಾಡಬಹುದು. ಹನ್ನೊಂದೂ ದೇಶದಲ್ಲಿ ಒಂದೊಂದು ಕುಡಿಯುವ ಪಂದ್ಯ ಕಟ್ಟಿ ಒಂದೇ ಬಣ್ಣದ ಟೀಶರ್ಟ್ ಹಾಕಿಕೊಂಡು ಬರುವ ಗುಂಪುಗಳು ಶನಿವಾರ ಸಂಜೆ ಗಿಜಿಗುಡುತ್ತವೆ, ಶರತ್ಕಾಲದ ಫುಡ್ ಆ್ಯಂಡ್ ವೈನ್ ಉತ್ಸವದಲ್ಲಂತೂ ಇನ್ನೂ ಹೆಚ್ಚು. ನನಗೆ ಗದ್ದಲ ಆಗುವುದಿಲ್ಲ. ವಾರದ ದಿನ ಹೋಗಿ, ನಾಲ್ಕು ಗಂಟೆಯೊಳಗೆ ಕುಡಿಯುವ ಕೆಲಸ ಮುಗಿಸಿ.

ಎಲ್ಲರೂ ಕೆರೆ ಸಿಕ್ಕ ಕೂಡಲೇ ಎಡಕ್ಕೆ ತಿರುಗಿ ಮೆಕ್ಸಿಕೋದ ಟಕೀಲಾ ಬಾರಿಗೆ ನುಗ್ಗುತ್ತಾರೆ. ಪಿರಮಿಡ್ಡಿನೊಳಗಿನ ಪುಟ್ಟ ಜಾಗ ಅದು, ಕ್ಯೂ ಉದ್ದ. ಮಂಡಿ ನೋವಿನವರಿದ್ದರೆ ಬಲಕ್ಕೆ ತಿರುಗಿ. ಕೆನಡಾ ದಾಟಿದರೆ ಬ್ರಿಟನ್, ಅಲ್ಲೇ ರೋಸ್ ಆ್ಯಂಡ್ ಕ್ರೌನ್ ಎಂಬ ಪಬ್ಬು. ಊಟದ ಹಾಲಿಗೆ ಬುಕ್ಕಿಂಗ್ ಬೇಕು, ಪಬ್ಬಿಗೆ ಬೇಡ. ಕೆರೆಯ ಆಚೆ ದಡಕ್ಕೆ ದೋಣಿಯೂ ಇದೆ, ಜರ್ಮನಿ ಮತ್ತು ಮೊರಾಕೊ ಹತ್ತಿರ ಇಳಿಸುತ್ತದೆ.

ಆ ಪಬ್ಬಿನಲ್ಲಿ ಅಪ್ಪ ಚೀಲದಿಂದ ಪಾಸ್‌ಪೋರ್ಟ್ ತೆಗೆದು, ಬ್ಯಾಂಕಿನ ಕೌಂಟರಿನಲ್ಲಿ ಚೆಕ್ ಕೊಟ್ಟಂತೆ ಎರಡೂ ಕೈಯಿಂದ ಮುಂದಿಟ್ಟರು. ಸ್ಕಾಚ್ ಬಂತು. ಅಮೆರಿಕದ ಒಂದು ಶಾಟ್ ಸುಮಾರು 44 ಮಿಲಿ, ಎರಡು ತೆಗೆದುಕೊಂಡರೆ ನಮ್ಮ ನೈಂಟಿಗೆ ಹತ್ತಿರ. ಕೇಳುವಾಗ ಈ ಲೆಕ್ಕ ನೆನಪಿರಲಿ. ಕೆರೆಯ ಪಕ್ಕದ ಮೇಜಿಗೆ ಬಂದು ಕೂತೆವು. ಬೆನ್ನಿಗೆ ನೆರಳು, ನೀರಿನ ಮೇಲಿಂದ ಸ್ವಲ್ಪ ಗಾಳಿ. ನಾನು ಊರಿಂದ ತಂದಿದ್ದ ಕಡ್ಲೆಬೀಜದ ಪೊಟ್ಟಣ ಬಿಚ್ಚಿ ಕಾಗದದ ತಟ್ಟೆಗೆ ಸುರಿದೆ. ಅಪ್ಪ ಒಂದು ಸಲ ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ. ಅಮ್ಮ ಎದ್ದು ಹೋಗಲಿಲ್ಲ. ಅಲ್ಲೇ ಕೂತು ತಮಗೂ ನಾಲ್ಕು ಕಾಳು ತೆಗೆದುಕೊಂಡರು. ಅಪ್ಪನ ಎದುರು ಆ ಹೊತ್ತಿನಲ್ಲಿ ನಾನು ಕೂತಿದ್ದು ಜೀವನದಲ್ಲಿ ಅದೇ ಮೊದಲು.

ದುಡ್ಡಿನ ಮಾತು. ಬಿಯರ್ ಒಂದಕ್ಕೆ ಹತ್ತು ಡಾಲರ್ ಮೇಲೆಯೇ, ಕಾಕ್‌ಟೇಲ್ ಇನ್ನೂ ಜಾಸ್ತಿ. ಅಪ್ಪ ರೂಪಾಯಿಗೆ ಲೆಕ್ಕ ಹಾಕಿ ಮರುದಿನ ಬೇಡವೆಂದರು. ಅದಕ್ಕೆ ಉತ್ತರ ನಮಗೆ ಸಿಕ್ಕಿದ್ದು ಪಬ್ಲಿಕ್ಸ್ ಎಂಬ ಸೂಪರ್ ಮಾರ್ಕೆಟ್ಟಿನಲ್ಲಿ. ಫ್ಲೋರಿಡಾದಲ್ಲಿ ದಿನಸಿ ಅಂಗಡಿಯೊಳಗೆ ಬಿಯರ್, ವೈನ್ ಸಿಗುತ್ತದೆ. ವಿಸ್ಕಿಗೆ ಪ್ರತ್ಯೇಕ ಬಾಗಿಲಿರುವ ಪಕ್ಕದ ಮಳಿಗೆಗೆ ಹೋಗಬೇಕು. ಪಾರ್ಕಿನ ಎರಡು ಗ್ಲಾಸಿನ ಬೆಲೆಗೆ ಅಲ್ಲಿ ಒಳ್ಳೆಯ ಬಾಟಲಿಯೇ ಬರುತ್ತದೆ.

ಆ ಅಂಗಡಿಯ ಒಳಗಿನ ಡೆಲಿ ಕೌಂಟರಿನ ಬಗ್ಗೆ ಹೇಳದಿದ್ದರೆ ಅನ್ಯಾಯವಾಗುತ್ತದೆ. ಅಲ್ಲಿ ಸಬ್ ಎಂಬ ಉದ್ದನೆಯ ಬ್ರೆಡ್ಡಿನ ಸ್ಯಾಂಡ್‌ವಿಚ್ ಮಾಡಿಕೊಡುತ್ತಾರೆ. ಕಣ್ಣೆದುರಿಗೇ ಬ್ರೆಡ್ ಸೀಳಿ, ಚೀಸ್ ಹಾಸಿ, ಬೇಕೆಂದರೆ ಬಿಸಿ ಮಾಡಿ, ಸೌತೆ, ಟೊಮೇಟೊ, ಈರುಳ್ಳಿ, ಬೆಣ್ಣೆಹಣ್ಣು, ಹಲಪೀನ್ಯೊ ಮೆಣಸು ನಾವು ಹೇಳಿದಷ್ಟು ತುಂಬುತ್ತಾರೆ. ಬ್ರೆಡ್ಡಿನ ಹೊರಮೈ ಗರಿಗರಿ, ಒಳಗೆ ಹತ್ತಿ. ಇಡೀ ಸಬ್ಬಿಗೆ ಹನ್ನೆರಡು ಡಾಲರ್ ಆಸುಪಾಸು, ಇಬ್ಬರಿಗೆ ಹೊಟ್ಟೆ ತುಂಬುತ್ತದೆ. ಮಾಂಸ ಮುಟ್ಟಿದ ಕೈಗವಸು ಬದಲಾಯಿಸಿ ಅಂತ ಅಮ್ಮನ ಪರವಾಗಿ ಕೇಳಿದೆ. ಅಲ್ಲಿದ್ದ ಹೆಂಗಸು ಕೈಗವಸಿನ ಜೊತೆ ಚಾಕುವನ್ನೂ ಬದಲಾಯಿಸಿದರು, ಹಲಗೆಯ ಮೇಲೆ ಹೊಸ ಕಾಗದ ಹಾಸಿದರು. ಅಮ್ಮ ಅದರೊಳಗೆ ಸ್ವಲ್ಪ ಮಾವಿನಕಾಯಿ ಉಪ್ಪಿನಕಾಯಿ ಸವರಿಕೊಂಡು ತಿಂದರು, ಮರುದಿನವೂ ಅದನ್ನೇ ಕೇಳಿದರು. ಡಿಸ್ನಿಯೊಳಗೆ ಹೊರಗಿನ ಊಟ ತರಲು ಅಡ್ಡಿಯಿಲ್ಲ, ಹಾಗಾಗಿ ಇದನ್ನೇ ಕಟ್ಟಿಸಿಕೊಂಡು ಹೋಗಿ. ಮದ್ಯ ಮತ್ತು ಗಾಜಿನ ಬಾಟಲಿ ಮಾತ್ರ ಒಳಗೆ ಬಿಡುವುದಿಲ್ಲ. ಗೇಟಿನಲ್ಲಿ ಚೀಲ ತಪಾಸಣೆ ಇದೆ, ಕ್ವಾರ್ಟರ್ ಬಚ್ಚಿಡುವ ಯೋಚನೆ ಮಾಡಬೇಡಿ.

ಉಳಿದ ಪಾರ್ಕುಗಳಲ್ಲಿ ಇಷ್ಟು ತೊಂದರೆಯಿಲ್ಲ. ಹಾಲಿವುಡ್ ಸ್ಟುಡಿಯೋಸ್‌ನ ಬೇಸ್‌ಲೈನ್ ಟ್ಯಾಪ್ ಹೌಸ್, ಅನಿಮಲ್ ಕಿಂಗ್‌ಡಮ್‌ನ ನೋಮಾಡ್ ಲಾಂಜ್ ಎರಡೂ ಕೂತು ಕುಡಿಯಲು ಚೆನ್ನ. ಡಿಸ್ನಿಯದಲ್ಲದ ಯೂನಿವರ್ಸಲ್ ಪಾರ್ಕ್‌ನಲ್ಲಿ ಮಕ್ಕಳು ಕೇಳುವ ಹ್ಯಾರಿ ಪಾಟರ್ ಕಥೆಯ ಬಟರ್‌ಬಿಯರ್ ಹೆಸರಿಗಷ್ಟೇ ಬಿಯರ್, ಅದರಲ್ಲಿ ಮದ್ಯವಿಲ್ಲ, ಧೈರ್ಯವಾಗಿ ಕೊಡಿಸಿ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿಗೆ ಹೋಗುವ ಬೇ ಏರಿಯಾದವರಿಗೆ ಒಂದು ಮಾತು: ಅಲ್ಲಿ ಸಾಮಾನ್ಯ ಜನರಿಗೆ ಮೊದಲು ಮದ್ಯ ಸಿಕ್ಕಿದ್ದು 2019ರಲ್ಲಿ ಶುರುವಾದ ಓಗಾಸ್ ಕ್ಯಾಂಟೀನಾ ಎಂಬ ಬಾರಿನಲ್ಲಿ. ಎದುರಿನ ಕ್ಯಾಲಿಫೋರ್ನಿಯಾ ಅಡ್ವೆಂಚರ್ ಪಾರ್ಕಿನಲ್ಲಿ 2001ರಿಂದಲೂ ಇದೆ.

21 ತುಂಬದ ಮಗನಿಗೆ, ಮಗಳಿಗೆ ನಿಮ್ಮ ಕಪ್ಪಿನಿಂದ ಒಂದು ಗುಟುಕೂ ಕೊಡಬೇಡಿ. ತೆರೆದ ಬಾಟಲಿ ಕಾರಿನ ಸೀಟಿನಲ್ಲಿ ಇಡಬೇಡಿ, ಹಿಂದೆ ಕೂತವರ ಕೈಯಲ್ಲಿದ್ದರೂ ಅದು ಫ್ಲೋರಿಡಾದ ಕಾನೂನಿಗೆ ವಿರುದ್ಧ. ಗಿರಗಿರ ತಿರುಗಿಸುವ ರೈಡುಗಳನ್ನು ಬೆಳಿಗ್ಗೆಯೇ ಮುಗಿಸಿ. ಆ ಸೆಕೆಗೆ ಒಂದು ಪೆಗ್ಗಿಗೆ ಎರಡು ಲೋಟ ನೀರು ಕುಡಿಸಿ. ತಿಂಡಿಯ ಕೌಂಟರಿನಲ್ಲಿ ಕೇಳಿದರೆ ಐಸ್ ಹಾಕಿದ ನೀರು ಪುಕ್ಕಟೆ ಕೊಡುತ್ತಾರೆ, ನಾಲ್ಕು ಡಾಲರ್ ಕೊಟ್ಟು ಬಾಟಲಿ ಕೊಳ್ಳುವ ಅಗತ್ಯವಿಲ್ಲ.