ಆಮ್‌ಸ್ಟರ್‌ಡ್ಯಾಂ: ಪರದೆ ಮೊದಲೋ, ಮ್ಯೂಸಿಯಂ ಮೊದಲೋ?

ಆಮ್‌ಸ್ಟರ್‌ಡ್ಯಾಂಗೆ ಹೊರಡುವವರು ಹೋಟೆಲ್ ಹುಡುಕುವುದಕ್ಕಿಂತ ಮೊದಲು ನಾಜಿಗಳಿಂದ ಅಡಗಿ ಕುಳಿತು ದಿನಚರಿ ಬರೆದ ಯಹೂದಿ ಹುಡುಗಿ ಆನ್ ಫ್ರಾಂಕ್ ಮನೆಯ ಟಿಕೆಟ್ ನೋಡಿಕೊಳ್ಳಬೇಕು. ಬಾಗಿಲಲ್ಲಿ ಹೋಗಿ ನಿಂತರೆ ಅದು ಸಿಗುವುದಿಲ್ಲ. ಆರು ವಾರ ಮುಂದಿನ ಟಿಕೆಟ್‌ಗಳನ್ನು ಪ್ರತಿ ಮಂಗಳವಾರ ಅವರದೇ ಜಾಲತಾಣದಲ್ಲಿ ಬಿಡುತ್ತಾರೆ, ಬೇಗ ಖಾಲಿಯಾಗುತ್ತವೆ. ಚಿತ್ರಕಾರ ವ್ಯಾನ್ ಗೋನ ಮ್ಯೂಸಿಯಂಗೂ ಸಮಯ ಗೊತ್ತುಮಾಡಿದ ಆನ್‌ಲೈನ್ ಟಿಕೆಟ್ ಬೇಕು. ನೆದರ್ಲೆಂಡ್ಸಿನ ರಾಷ್ಟ್ರೀಯ ಕಲಾಸಂಗ್ರಹಾಲಯವಾದ ರೈಕ್ಸ್‌ಮ್ಯೂಸಿಯಂ ವರ್ಷದ 365 ದಿನವೂ ತೆರೆದಿರುವುದರಿಂದ ಅದನ್ನು ಉಳಿದೆರಡರ ನಡುವೆ ಹೊಂದಿಸಿಕೊಳ್ಳಬಹುದು.

ಮೂರನ್ನೂ ಮನೆಯಲ್ಲೇ ಕುಳಿತು ಪರದೆಯ ಮೇಲೆ ನೋಡಲು ಸಾಧ್ಯವಿದೆ. ಆದರೆ ಮೂರಕ್ಕೂ ಒಂದೇ ಕ್ರಮ ಒಗ್ಗುವುದಿಲ್ಲ.

ರೈಕ್ಸ್‌ಮ್ಯೂಸಿಯಂಗೆ ಹೋಗುವ ಮೊದಲೇ ಅದರ ಜಾಲತಾಣ ನೋಡಿ. ಚಿತ್ರಕಾರ ರೆಂಬ್ರಾಂಟ್ 1642ರಲ್ಲಿ ಮುಗಿಸಿದ, ನಗರದ ಕಾವಲುಪಡೆಯನ್ನು ತೋರಿಸುವ 'ರಾತ್ರಿ ಪಹರೆ'ಯ 717 ಗಿಗಾಪಿಕ್ಸೆಲ್ (71,700 ಕೋಟಿ ಬಿಂದುಗಳ) ಚಿತ್ರವನ್ನು 2022ರಲ್ಲಿ ಪ್ರಕಟಿಸಿದ್ದಾರೆ. ಹಿಗ್ಗಿಸುತ್ತ ಹೋದರೆ ಬಣ್ಣದ ಬಿರುಕುಗಳೂ ಕಾಣುತ್ತವೆ. ಅಲ್ಲಿ ಎದುರಿಗೆ ನಿಂತಾಗ ಅಷ್ಟು ಹತ್ತಿರ ಹೋಗಲು ಯಾರೂ ಬಿಡುವುದಿಲ್ಲ; ನಡುವೆ ಗಾಜು, ಜೊತೆಗೆ ಜನಜಂಗುಳಿ. ಹಾಗಾಗಿ ಮುಖಗಳನ್ನು, ಲೇಸಿನ ಕುಸುರಿಯನ್ನು ಪರದೆಯಲ್ಲೇ ನೋಡಿ ಮುಗಿಸಿ, ಸಭಾಂಗಣದಲ್ಲಿ ಹಿಂದೆ ಸರಿದು ನಿಲ್ಲಿ. ಸುಮಾರು ಮೂರೂಮುಕ್ಕಾಲು ಮೀಟರ್ ಎತ್ತರ, ನಾಲ್ಕೂವರೆ ಮೀಟರ್ ಅಗಲದ ಆ ಗಾತ್ರ ಅಲ್ಲಷ್ಟೇ ಸಿಗುವಂಥದು. 1715ರಲ್ಲಿ ಪುರಭವನದ ಗೋಡೆಗೆ ಹೊಂದಿಸಲು ಈ ಕ್ಯಾನ್ವಾಸಿನ ಅಂಚುಗಳನ್ನು ಕತ್ತರಿಸಿದರು. ಎಡಗಡೆ ಹೆಚ್ಚು ಹೋಯಿತು. ಬಲಕ್ಕಿದ್ದ ಪಡೆಯ ನಾಯಕ ಮಧ್ಯಕ್ಕೆ ಬಂದುಬಿಟ್ಟ. ಇದು ಗೊತ್ತಿದ್ದರೆ ಚಿತ್ರ ಬೇರೆಯೇ ಆಗಿ ಕಾಣುತ್ತದೆ. ವರ್ಮೀರ್‌ನ 'ಹಾಲು ಸುರಿಯುವ ಹೆಂಗಸು' ಪರದೆಯಲ್ಲಿ ಇದರಷ್ಟೇ ದೊಡ್ಡದು, ಎದುರಿಗೆ ಅರ್ಧ ಮೀಟರಿಗೂ ಕಡಿಮೆ.

ಅದೇ ಮ್ಯೂಸಿಯಂನ ಏಷ್ಯಾ ವಿಭಾಗದಲ್ಲಿ ಚೋಳರ ಕಾಲದ ನಟರಾಜನಿದ್ದಾನೆ. ರೋಟರ್‌ಡ್ಯಾಂ ಬಂದರಿನಲ್ಲಿ ಲಾರಿಗಳನ್ನು ತಪಾಸಣೆ ಮಾಡುವ ಎಕ್ಸ್‌ರೇ ಯಂತ್ರದಲ್ಲಿ ಈ ವಿಗ್ರಹವನ್ನು ಪರೀಕ್ಷಿಸಿದಾಗ ಒಳಗೆ ಟೊಳ್ಳಿಲ್ಲದ ಗಟ್ಟಿ ಎರಕವೆಂದು ತಿಳಿಯಿತು. ನಮ್ಮವರು ಇದನ್ನು ತಪ್ಪಿಸಿಕೊಳ್ಳಬಾರದು.

ವ್ಯಾನ್ ಗೋ ವಿಷಯದಲ್ಲಿ ಪರದೆ ನನಗೆ ಹೆಚ್ಚು ಉಪಯೋಗಕ್ಕೆ ಬರಲಿಲ್ಲ. 'ಆಲೂಗಡ್ಡೆ ತಿನ್ನುವವರು' ಮೊಬೈಲಿನಲ್ಲಿ ಕಪ್ಪು ಮಸಿಯಂತೆ ಕಾಣುತ್ತದೆ. 'ಸೂರ್ಯಕಾಂತಿ'ಯ ಬಣ್ಣ ಉಬ್ಬಿ ನಿಂತಿರುವುದನ್ನು ಕಾಣಬೇಕಾದರೆ ತುಸು ಓರೆಯಾಗಿ ನಿಂತು ನೋಡಬೇಕು, ಅದಕ್ಕೆ ಪರದೆಯಲ್ಲಿ ದಾರಿಯಿಲ್ಲ. ಒಂದು ಮಾತು: 'ನಕ್ಷತ್ರಗಳ ರಾತ್ರಿ' ಹುಡುಕಿಕೊಂಡು ಇಲ್ಲಿಗೆ ಬರಬೇಡಿ, ಅದಿರುವುದು ನ್ಯೂಯಾರ್ಕಿನಲ್ಲಿ.

ಆನ್ ಫ್ರಾಂಕ್ ಮನೆಗೆ ಮಾತ್ರ ಕ್ರಮ ತಿರುಗಿಸಿ. 1942ರಿಂದ 1944ರವರೆಗೆ ಎಂಟು ಮಂದಿ ಅಡಗಿದ್ದ ಆ ಕೋಣೆಗಳು ಈಗ ಬರಿದು. ಬಂಧನದ ನಂತರ ನಾಜಿಗಳು ಪೀಠೋಪಕರಣಗಳನ್ನೆಲ್ಲ ಸಾಗಿಸಿದರು. ಬದುಕಿ ಉಳಿದ ತಂದೆ ಒಟ್ಟೊ ಫ್ರಾಂಕ್ ಅವನ್ನು ಖಾಲಿಯಾಗಿಯೇ ಇಡಬೇಕೆಂದರು. ಗೋಡೆಯಲ್ಲಿ ಆನ್ ಅಂಟಿಸಿದ ಚಿತ್ರಗಳಿವೆ, ಮಕ್ಕಳ ಎತ್ತರ ಗುರುತಿಸಿದ ಪೆನ್ಸಿಲ್ ಗೆರೆಗಳಿವೆ. ವರ್ಚುವಲ್ ಪ್ರವಾಸದಲ್ಲಿ ಇದೇ ಕೋಣೆಗಳು ಮಂಚ, ಮೇಜು, ಪಾತ್ರೆಗಳ ಸಮೇತ ತುಂಬಿಕೊಂಡಿವೆ. ಅದನ್ನು ಮೊದಲೇ ನೋಡಿದರೆ ಆ ಖಾಲಿತನಕ್ಕೆ ಏಟು ಬೀಳುತ್ತದೆ. ಹೋಗಿ ಬಂದ ಸಂಜೆ ನೋಡಿ. ಒಳಗೆ ಫೋಟೊ ತೆಗೆಯುವಂತಿಲ್ಲ. ಮೆಟ್ಟಿಲುಗಳು ಬಲು ಕಡಿದು, ಅಡಗುತಾಣದವರೆಗೆ ಗಾಲಿಕುರ್ಚಿ ಹೋಗುವುದಿಲ್ಲ. ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಅವರಿಗೆ ವರ್ಚುವಲ್ ಪ್ರವಾಸವನ್ನೇ ತೋರಿಸಿ.