ಟೈಟರ್ ಬಂದಿಲ್ಲ ಅಂದ್ರೆ ಫೀಡ್ ರೂಮಿಗೂ ಹೋಗಿ

ಸಿಎಸ್‌ಎಫ್ (ಹಂದಿಜ್ವರ) ಲಸಿಕೆ ಹಾಕಿದ ಹಂದಿಮರಿಗಳ ಟೈಟರ್ ರಿಪೋರ್ಟ್, ಅಂದ್ರೆ ರಕ್ತದಲ್ಲಿ ಎಷ್ಟು ಆಂಟಿಬಾಡಿ ಬಂದಿದೆ ಅನ್ನೋ ಲೆಕ್ಕ, ನೆಲಕಚ್ಚಿ ಬಂದ ದಿನ ಮೀಟಿಂಗ್‌ನಲ್ಲಿ ಬೈಸಿಕೊಳ್ಳೋದು ಇಬ್ಬರೇ: ಲಸಿಕೆ ತಂದವನು, ಲಸಿಕೆ ಚುಚ್ಚಿದವನು. ಫ್ರಿಜ್ ಲಾಗ್ ತರಿಸ್ತಾರೆ, 2ರಿಂದ 8 ಡಿಗ್ರಿ ದಾಟಿತ್ತಾ ಅಂತ ನೋಡ್ತಾರೆ, ಐಸ್ ಬಾಕ್ಸ್ ಯಾರ ಕೈಲಿತ್ತು ಅಂತ ಕೇಳ್ತಾರೆ. ಅದೆಲ್ಲ ಕೇಳಲೇಬೇಕು. ಬೂಷ್ಟು ಬಿಡೋ ವಿಷ, ಅಂದ್ರೆ ಟಾಕ್ಸಿನ್, ಫೀಡಿನಲ್ಲಿದ್ದರೂ ಟೈಟರ್ ಬರದೇ ಇರಬಹುದು. ಆದರೆ ಆ ವಾರಗಳಲ್ಲಿ ಮರಿಗಳು ತಿಂದ ಮೆಕ್ಕೆಜೋಳ ಯಾವ ಲಾಟ್ ಅಂತ ಪರ್ಚೇಸ್‌ನವರನ್ನು ಯಾರೂ ಕೇಳಲ್ಲ. ಕೇಳಿದರೂ ಉತ್ತರ ಸಿಗಲ್ಲ. ಲಸಿಕೆ ಹಾಕಿ ಮೂರ್ನಾಲ್ಕು ವಾರಕ್ಕೆ ರಕ್ತ ತೆಗೆದು, ಲ್ಯಾಬಿನಿಂದ ರಿಪೋರ್ಟ್ ಬರೋ ಹೊತ್ತಿಗೆ ಆ ಫೀಡ್ ಗೊಬ್ಬರ ಆಗಿರುತ್ತೆ, ಚೀಲ ಗುಜರಿಗೆ ಹೋಗಿರುತ್ತೆ.

ಅದಕ್ಕೇ ಪ್ರತಿ ಬ್ಯಾಚಿನಿಂದ ಒಂದು ಕೆಜಿ ತೆಗೆದು, ದಿನಾಂಕ, ಲಾಟ್ ನಂಬರ್, ಯಾವ ಶೆಡ್‌ಗೆ ಹೋಯ್ತು ಅನ್ನೋದನ್ನು ಬರೆದು, ಒಣ ಜಾಗದಲ್ಲಿ ಮೂರು ತಿಂಗಳು ಇಡಿ. ತೇವ ಇದ್ದರೆ ಫ್ರೀಜರ್‌ಗೆ ಹಾಕಿ, ಇಲ್ಲದಿದ್ದರೆ ಸ್ಯಾಂಪಲ್ಲೇ ಬೂಷ್ಟು ಹಿಡಿದು ಸುಳ್ಳು ಹೇಳುತ್ತೆ.

ಸ್ಯಾಂಪಲ್ ತೆಗೆಯೋದರಲ್ಲೇ ಅರ್ಧ ಕೆಲಸ ಹಾಳಾಗೋದು. ಟಾಕ್ಸಿನ್ ಲಾರಿ ತುಂಬ ಸಮನಾಗಿ ಹರಡಿರಲ್ಲ, ಎಲ್ಲೋ ನಾಲ್ಕು ಚೀಲದಲ್ಲಿ ಗುಂಪುಗಟ್ಟಿರುತ್ತೆ. ಬಾಗಿಲ ಹತ್ತಿರದ ಚೀಲದಿಂದ ಒಂದು ಬೊಗಸೆ ತೆಗೆದು ಸ್ಟ್ರಿಪ್ ಹಾಕಿ "ನೆಗೆಟಿವ್" ಅಂತ ಬರೆಯೋದಕ್ಕಿಂತ ಟೆಸ್ಟೇ ಮಾಡದಿರೋದು ವಾಸಿ. ಮೇಲೆ, ನಡುವೆ, ತಳ, ಮೂಲೆ ಎಲ್ಲ ಕಡೆಯಿಂದ ಚುಚ್ಚಿ ತೆಗೆದು ಐದು ಕೆಜಿ ಸೇರಿಸಿ. ಪೂರ್ತಿ ನುಣ್ಣಗೆ ಬೀಸಿ, ಚೆನ್ನಾಗಿ ಕಲಸಿದ ಮೇಲೆ ಟೆಸ್ಟ್‌ಗೆ ಬೇಕಾದಷ್ಟು ತೆಗೆಯಿರಿ.

ಕಣ್ಣನ್ನು ನಂಬಬೇಡಿ. ಅಫ್ಲಾಟಾಕ್ಸಿನ್ ಬಿಡೋ ಬೂಷ್ಟು ಆಸ್ಪರ್ಜಿಲಸ್ ಆದರೆ ಕಾಳಿನ ಮೊಳಕೆ ಕಡೆ ಹಸಿರು-ಹಳದಿ ಪುಡಿ ಕಾಣುತ್ತೆ. ಇನ್ನೊಂದು ಬೂಷ್ಟು ಫ್ಯುಸೇರಿಯಂನದು ಹಾಗಲ್ಲ, ಕಾಳಿನ ನೆತ್ತಿಯಿಂದ ಬಿಳಿ ಗೆರೆಗಳು ಕಿರಣದಂತೆ ಇಳಿದಿರಬಹುದು, ಏನೂ ಇಲ್ಲದೆ ಹೊಳೆಯುತ್ತಲೂ ಇರಬಹುದು, ಒಳಗೆ ಅದರ ವಿಷ ಫ್ಯುಮೊನಿಸಿನ್ ತುಂಬಿರುತ್ತೆ. ದಾವಣಗೆರೆ, ಹಾವೇರಿ ಕಡೆ ಕಟಾವಿನ ಹೊತ್ತಿಗೆ ಮಳೆ ಹಿಡಿದ ವರ್ಷ ಎರಡೂ ಸಿಕ್ಕೀತು. ತೇವಾಂಶ ಶೇ 13ರ ಒಳಗೆ ಇಲ್ಲದ ಲೋಡನ್ನು ಇಳಿಸಿಕೊಳ್ಳಬಾರದು. ಆದರೆ ಹೊಲದಲ್ಲೇ ಕೂತ ಟಾಕ್ಸಿನ್ ಒಣಗಿಸಿದರೆ ಹೋಗಲ್ಲ. ಪೆಲೆಟ್ ಬಿಸಿಗೂ ಹೋಗಲ್ಲ. ಪ್ರೊಪಿಯಾನಿಕ್ ಆಸಿಡ್ ಬೂಷ್ಟನ್ನು ತಡೆಯುತ್ತೆ, ಆಗಲೇ ಆದ ವಿಷವನ್ನು ಮುಟ್ಟಲ್ಲ.

ಲಸಿಕೆಗೂ ಇದಕ್ಕೂ ಏನು ಸಂಬಂಧ? ಆಂಟಿಬಾಡಿ ಅಂದರೆ ಪ್ರೋಟೀನ್. ಅಫ್ಲಾಟಾಕ್ಸಿನ್ ಮತ್ತು ಡಾನ್ (ಡಿಯಾಕ್ಸಿನಿವಲೆನಾಲ್, ಫ್ಯುಸೇರಿಯಂನದೇ ಇನ್ನೊಂದು ವಿಷ) ಎರಡೂ ಜೀವಕೋಶದ ಪ್ರೋಟೀನ್ ತಯಾರಿಕೆಗೇ ಅಡ್ಡ ಬರುತ್ತವೆ. ವೇಗವಾಗಿ ದ್ವಿಗುಣ ಆಗಬೇಕಾದ, ಆಂಟಿಬಾಡಿ ತಯಾರಿಸೋ ಬಿಳಿ ರಕ್ತಕಣಗಳಾದ ಲಿಂಫೋಸೈಟ್‌ಗಳಿಗೆ ಮೊದಲ ಪೆಟ್ಟು. ಫ್ಯುಮೊನಿಸಿನ್ ಜೀವಕೋಶದ ಪೊರೆಗೆ ಬೇಕಾದ ಸ್ಫಿಂಗೊಲಿಪಿಡ್ ಅನ್ನೋ ಕೊಬ್ಬಿನ ತಯಾರಿಕೆಯನ್ನು ಕೆಡಿಸಿ, ಕರುಳಿನ ತಡೆಗೋಡೆ ಸಡಿಲ ಮಾಡಿ ಈ-ಕೋಲಿ ಬ್ಯಾಕ್ಟೀರಿಯಾಕ್ಕೆ ದಾರಿ ಬಿಡುತ್ತೆ. ಲೈವ್ ಲಸಿಕೆಯಲ್ಲಿರೋ ಬಲ ಕುಂದಿಸಿದ ವೈರಸ್ ಮೈಯಲ್ಲಿ ಸ್ವಲ್ಪ ಬೆಳೆದರೇ ಕೆಲಸ. ಪಿಆರ್‌ಆರ್‌ಎಸ್ ಅನ್ನೋ ಹಂದಿರೋಗದ ಲೈವ್ ಲಸಿಕೆಯ ಪ್ರಯೋಗದಲ್ಲಿ ಡಾನ್ ಇದ್ದ ಮೇವು ತಿಂದ ಹಂದಿಗಳಲ್ಲಿ ಲಸಿಕೆ ವೈರಸ್ಸೂ ಸರಿಯಾಗಿ ಬೆಳೆಯಲಿಲ್ಲ, ಆಂಟಿಬಾಡಿಯೂ ಬರಲಿಲ್ಲ. ಹಾಗಂತ ಕಡಿಮೆ ಟೈಟರ್‌ಗೆಲ್ಲ ಫೀಡೇ ಕಾರಣ ಅನ್ನಬೇಡಿ. ಲಸಿಕೆ ಹಾಕಿದ ತಾಯಿಯ ಗಿಣ್ಣುಹಾಲು ಕುಡಿದ ಮರಿಗೆ ಬೇಗ ಚುಚ್ಚಿದರೂ ಇದೇ ಪಾಡು, ತಾಯಿಯಿಂದ ಬಂದ ಆಂಟಿಬಾಡಿ ಲಸಿಕೆಯನ್ನೇ ತಡೆಯುತ್ತೆ.

ಶೆಡ್‌ನಲ್ಲಿ ನಿಜವಾದ ಪೇಚಾಟ ವಯಲ್ (ಲಸಿಕೆ ಸೀಸೆ) ಒಡೆಯೋ ಮುಂಚಿನ ಐದು ನಿಮಿಷ. ಡೈಲ್ಯೂಯೆಂಟ್ (ಲಸಿಕೆ ಪುಡಿಯನ್ನು ಕರಗಿಸೋ ದ್ರವ) ಸೇರಿಸಿದರೆ ಸಾಮಾನ್ಯವಾಗಿ ಎರಡು ಗಂಟೆಯೊಳಗೆ ಮುಗಿಸಬೇಕು, ಹಿಂದೆ ಹೋಗೋ ಮಾತಿಲ್ಲ. ಮರಿಗಳನ್ನು ಹಿಡಿದು ನಿಲ್ಲಿಸಿರ್ತಾರೆ, ಮ್ಯಾನೇಜರ್ ಫೋನ್ ಮೇಲೆ ಫೋನ್ ಮಾಡ್ತಾ ಇರ್ತಾನೆ. ಆಗಲೇ ತೊಟ್ಟಿ ನೋಡಿ. ಬೆಳಗಿನ ಫೀಡ್ ಹಾಗೇ ಉಳಿದಿದೆಯಾ, ನೆಲದ ಮೇಲೆ ವಾಂತಿ ಇದೆಯಾ, ಎಳೆ ಹೆಣ್ಣುಮರಿಗಳ ಯೋನಿ ಕೆಂಪಗೆ ಊದಿದೆಯಾ? ಮೊದಲೆರಡು ಡಾನ್ ಕಡೆ ಬೆರಳು ತೋರಿಸಿದರೆ, ಕೊನೆಯದು ಜಿಯರಾಲೆನೋನ್ ಅನ್ನೋ ಇನ್ನೊಂದು ಬೂಷ್ಟು ವಿಷದ ಕಡೆ. ಸುತ್ತಮುತ್ತ ಹಂದಿಜ್ವರ ಇಲ್ಲದಿದ್ದರೆ ವಯಲ್ ಒಡೆಯದೆ ವಾಪಸ್ ಫ್ರಿಜ್‌ಗೆ ಇಡಿಸಿ, ಫೀಡ್ ಬದಲಿಸಿ, ಒಂದೆರಡು ವಾರ ಬಿಟ್ಟು ಹಾಕಿ. ಪಕ್ಕದ ಊರಲ್ಲಿ ರೋಗ ಇದ್ದರೆ ಕಾಯಬೇಡಿ. ಹಾಕಿ, ಟೈಟರ್ ನೋಡಿ, ಬೂಸ್ಟರ್‌ಗೆ ಲೆಕ್ಕ ಇಟ್ಟುಕೊಳ್ಳಿ.

ಬೈಂಡರ್ (ಟಾಕ್ಸಿನ್ ಹಿಡಿದಿಡಲು ಫೀಡಿಗೆ ಬೆರೆಸೋ ಪುಡಿ) ಹಾಕಿದ್ದೀವಲ್ಲ ಅನ್ನೋ ಮಾತು ಮ್ಯಾನೇಜ್‌ಮೆಂಟ್‌ಗೆ ಬಲು ಇಷ್ಟ. ಬೆಂಟೊನೈಟ್ ಜಾತಿಯ ಮಣ್ಣು ಅಫ್ಲಾಟಾಕ್ಸಿನ್ ಹಿಡಿಯೋದರಲ್ಲಿ ಗಟ್ಟಿಗ, ಡಾನ್ ಮುಂದೆ ಕೈಲಾಗದವನು. ಯಾವ ಟಾಕ್ಸಿನ್ ಅಂತ ಗೊತ್ತಿಲ್ಲದೆ ಟನ್‌ಗೆ ಇಷ್ಟು ಕೆಜಿ ಅಂತ ಸುರಿಯೋದು ಸಮಾಧಾನಕ್ಕೆ ಅಷ್ಟೇ. ಅದಕ್ಕಿಂತ ಅಗ್ಗದ್ದು ಜರಡಿ. ಒಡೆದ ಕಾಳು, ಹುಡಿಯಲ್ಲೇ ವಿಷ ಹೆಚ್ಚು. ಬೀಸೋ ಮುಂಚೆ ಅದನ್ನು ತೆಗೆದರೆ ಮಟ್ಟ ಚೆನ್ನಾಗಿ ಇಳಿಯುತ್ತೆ.

ಆದರೆ ಕೋಳಿ ಫೀಡ್‌ಗೆ ಬೇಡವಾದ ಆ ಹುಡಿಯನ್ನೇ ಹಂದಿಗೆ ಅಂತ ತೂಗೋ ಪದ್ಧತಿ ಇದೆ. ಉಲ್ಟಾ ಲೆಕ್ಕ. ಡಾನ್, ಫ್ಯುಮೊನಿಸಿನ್ ಎರಡನ್ನೂ ಕೋಳಿ ಹಂದಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತೆ. ಯುರೋಪಿನ ಮಾರ್ಗಸೂಚಿಯಲ್ಲಿ ಹಂದಿ ಫೀಡ್‌ಗೆ ಡಾನ್ ಮಿತಿ ಕೆಜಿಗೆ 0.9 ಮಿಲಿಗ್ರಾಂ. ಡಿಡಿಜಿಎಸ್ (ಎಥೆನಾಲ್ ತೆಗೆದ ಮೇಲೆ ಉಳಿಯೋ ಧಾನ್ಯದ ಒಣ ಚರಟ) ಅಗ್ಗ ಅಂತ ತರೋರು ಇನ್ನೊಂದು ಲೆಕ್ಕ ಹಾಕಿ: ಪಿಷ್ಟ ಎಥೆನಾಲ್ ಆಗಿ ಹೋದ ಮೇಲೆ ಮೆಕ್ಕೆಜೋಳದಲ್ಲಿದ್ದ ಟಾಕ್ಸಿನ್ ಸುಮಾರು ಮೂರು ಪಟ್ಟು ಸಾಂದ್ರವಾಗಿ ಉಳಿಯುತ್ತೆ.

ಅಫ್ಲಾಟಾಕ್ಸಿನ್‌ಗೆ ರಿಜೆಕ್ಟ್ ಆದ ಲಾಟನ್ನು ಪಕ್ಕದ ಮನೆಯ ಹಾಲು ಕರೆಯೋ ಹಸುವಿಗೂ ಕೊಡಬೇಡಿ. ಆ ವಿಷ ಅಫ್ಲಾಟಾಕ್ಸಿನ್ ಎಂ1 ಅನ್ನೋ ರೂಪದಲ್ಲಿ ಹಾಲಿಗೆ ಬರುತ್ತೆ.